ಗಂಜಿ, ಉಪ್ಪು ಮತ್ತು ಅಳತೆ: ಭೇದಿ ಚಿಕಿತ್ಸೆಯ ಚರಿತ್ರೆಯಲ್ಲಿ ಅಡುಗೆಮನೆ ಮತ್ತು ಆಸ್ಪತ್ರೆ

ವೈದ್ಯಕೀಯದ ಚರಿತ್ರೆಯನ್ನು ಬರೆದವರ ಗಮನ ಸಾಮಾನ್ಯವಾಗಿ ಮಹಾ ಆವಿಷ್ಕಾರಗಳ ಕಡೆಗೆ, ಅಪೂರ್ವ ಶಸ್ತ್ರಚಿಕಿತ್ಸೆಗಳ ಕಡೆಗೆ ಹರಿದಿದೆ. ವೈದ್ಯನೊಬ್ಬ ದಿನನಿತ್ಯ ಎದುರಿಸುವ ಜ್ವರ, ಕೆಮ್ಮು, ಭೇದಿಯಂಥ ಸಾಮಾನ್ಯ ಕಾಯಿಲೆಗಳ ಉಪಚಾರಕ್ಕೂ ಒಂದು ಚರಿತ್ರೆಯಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಜಾನಪದ ಅಧ್ಯಯನಕ್ಕೆ ಮುಖ್ಯವಾಗುವುದು ಈ ಸಾಮಾನ್ಯ ಕಾಯಿಲೆಗಳೇ. ಏಕೆಂದರೆ ರೋಗಿ ವೈದ್ಯನ ಬಳಿಗೆ ಬರುವ ಮೊದಲೇ ಮನೆಯಲ್ಲಿ ಆ ಕಾಯಿಲೆಗೆ ಒಂದು ಹೆಸರು ದೊರೆತಿರುತ್ತದೆ, ಕಾರಣವೊಂದು ಊಹೆಗೆ ಬಂದಿರುತ್ತದೆ, ಮದ್ದೂ ಆರಂಭವಾಗಿರುತ್ತದೆ.

ಪ್ರಸ್ತುತ ಲೇಖನವು ಭೇದಿಯ, ಅದರಲ್ಲೂ ನೀರಿನಂತೆ ಹೋಗುವ ಭೇದಿಯ ಚಿಕಿತ್ಸೆಯ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ. ಈ ಚರಿತ್ರೆಯ ನಿರ್ಣಾಯಕ ಘಟನೆಗಳು ನಡೆದದ್ದು ಕಾಲರಾ ರೋಗದ ನೆಲೆಯಾಗಿದ್ದ ಬಂಗಾಳದಲ್ಲಿ. ಕರ್ನಾಟಕದ ಸಂಬಂಧ ಎರಡು ಕಡೆ ಬರುತ್ತದೆ. ಒಂದು, ನಮ್ಮ ಮನೆಮದ್ದಿನ ಪರಂಪರೆ. ಇನ್ನೊಂದು, ಇತ್ತೀಚೆಗೆ ನಮ್ಮ ಪಟ್ಟಣಗಳಲ್ಲೂ ನಡೆದ ಒಂದು ಮಹತ್ವದ ಅಧ್ಯಯನ. ಭೇದಿಗೆ ಬೇಕಾದ ಸಾಮಗ್ರಿ ಅಡುಗೆಮನೆಯಲ್ಲಿತ್ತು, ಅದರ ಅಳತೆ ಪ್ರಯೋಗಾಲಯದಿಂದ ಬಂತು. ಆದರೆ ಇವೆರಡನ್ನೂ ಕೂಡಿಸುವ ಪರಸ್ಪರ ತಿಳಿವಳಿಕೆ ಇನ್ನೂ ಪೂರ್ಣಗೊಂಡಿಲ್ಲ ಎಂಬುದು ಇಲ್ಲಿಯ ಪ್ರತಿಪಾದನೆ.

ಮನೆಮದ್ದಿನ ನೆಲೆ

ಕನ್ನಡ ನಾಡಿನ ಮನೆಗಳಲ್ಲಿ ಭೇದಿಯಾದವರಿಗೆ ಕೊಡುವ ಪದಾರ್ಥಗಳ ಪಟ್ಟಿ ಪ್ರದೇಶದಿಂದ ಪ್ರದೇಶಕ್ಕೆ ಬದಲಾದರೂ ಅದರ ಸ್ವರೂಪ ಒಂದೇ ಬಗೆಯದು. ಕರಾವಳಿ ಮತ್ತು ಮಲೆನಾಡಿನಲ್ಲಿ ಅಕ್ಕಿಯ ಗಂಜಿ, ಗಂಜಿಯ ತಿಳಿ, ಭತ್ತದ ಅರಳಿನ ಗಂಜಿ, ಎಳನೀರು, ದೊಡ್ಡಪತ್ರೆಯ ತಂಬುಳಿ. ಬಯಲುಸೀಮೆಯಲ್ಲಿ ರಾಗಿಯ ಅಂಬಲಿ, ಉಪ್ಪು ಬೆರೆಸಿದ ನೀರು ಮಜ್ಜಿಗೆ, ಸಬ್ಬಕ್ಕಿಯ ಗಂಜಿ. ಇವುಗಳೊಡನೆ ದಾಳಿಂಬೆ ಸಿಪ್ಪೆ, ಜೀರಿಗೆ, ಮೆಂತ್ಯ ಮೊದಲಾದವು ಮದ್ದಾಗಿ ಸೇರುತ್ತವೆ. ಪಟ್ಟಿಯ ಬಹುಪಾಲು ಆಹಾರವೇ ಆಗಿದೆ, ಮದ್ದಿನ ಪಾಲು ಕಡಿಮೆ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವ ಜನಪದದಲ್ಲಿ ಆಹಾರ ಮತ್ತು ಔಷಧಿಗಳ ನಡುವಿನ ಗಡಿ ತೆಳುವಾದುದು.

ಶಾಸ್ತ್ರ ಪರಂಪರೆಯೂ ಇದಕ್ಕೆ ದೂರವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯವು 28 ಬಗೆಯ ಯವಾಗುಗಳನ್ನು, ಎಂದರೆ ಗಂಜಿಗಳನ್ನು ಹೇಳುತ್ತದೆ. ತಿಳಿಯಾದ ಮಂಡ, ಅಗುಳು ಸೇರಿದ ಪೇಯ, ಗಟ್ಟಿಯಾದ ವಿಲೇಪಿ ಎಂಬ ಕ್ರಮದಲ್ಲಿ ರೋಗಿಯನ್ನು ಆಹಾರಕ್ಕೆ ಮರಳಿ ತರುವ ವಿಧಾನವು ಆಯುರ್ವೇದದಲ್ಲಿ ಸುಪರಿಚಿತ. ಆಮಾತಿಸಾರದ ಆರಂಭದಲ್ಲಿ ಭೇದಿಯನ್ನು ಕಟ್ಟುವ ಔಷಧಿಯನ್ನು ಕೊಡಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಇಂದಿನ ವೈದ್ಯರು ಬೇರೆ ಕಾರಣಗಳಿಂದ, ಮಕ್ಕಳಿಗೆ ಕರುಳಿನ ಚಲನೆಯನ್ನು ತಡೆಯುವ ಗುಳಿಗೆಗಳನ್ನು ಕೊಡಬಾರದೆಂದು ಹೇಳುವುದನ್ನು ಇದರೊಡನೆ ಹೋಲಿಸಬಹುದು.

ಆದರೆ ಮನೆಮದ್ದಿನ ಲೋಕವನ್ನು ಕೇವಲ ಕೊಂಡಾಡುವುದು ಸಂಶೋಧನೆಯಾಗಲಾರದು. ಅದೇ ಲೋಕದಲ್ಲಿ, ಕುಡಿದಷ್ಟೂ ಭೇದಿ ಹೆಚ್ಚುತ್ತದೆ ಎಂಬ ತಿಳಿವಳಿಕೆಯಿಂದ ರೋಗಿಗೆ ನೀರನ್ನೇ ನಿಲ್ಲಿಸುವ ರೂಢಿಯೂ ಇತ್ತು. ಪಥ್ಯದ ಹೆಸರಿನಲ್ಲಿ ಉಪ್ಪನ್ನು ಬಿಡಿಸಿ ಸಪ್ಪೆಯ ಗಂಜಿ ಕೊಡುವ ವಾಡಿಕೆಯೂ ಇತ್ತು. ಉಪ್ಪಿಲ್ಲದ ಗಂಜಿ, ಸಕ್ಕರೆ ಅತಿಯಾದ ಪಾನಕ, ಸೋಡಿಯಂ ಅಂಶ ಕಡಿಮೆಯಿರುವ ಎಳನೀರು, ಇವುಗಳಲ್ಲಿ ಯಾವುದೂ ಒಂಟಿಯಾಗಿ ತೀವ್ರ ಭೇದಿಯಲ್ಲಿ ಕಳೆದುಹೋದದ್ದನ್ನು ತುಂಬಿಕೊಡಲಾರದು.

ಕೂಸಿನ ನೆತ್ತಿ ಕುಳಿಬೀಳುವುದು ಇದಕ್ಕೆ ಒಳ್ಳೆಯ ಉದಾಹರಣೆ. ಭೇದಿಯಾದ ಕೂಸಿನ ನೆತ್ತಿ ಒಳಸರಿದಿರುವುದನ್ನು ಅಜ್ಜಿಯರು, ಸೂಲಗಿತ್ತಿಯರು ಕೈಯಿಟ್ಟು ನೋಡಿ ಗುರುತಿಸುತ್ತಿದ್ದರು. ದೇಹದ ನೀರು ಬತ್ತಿದೆ ಎಂಬುದಕ್ಕೆ ಇದು ನಿಜವಾದ ಲಕ್ಷಣ. ಮಕ್ಕಳ ವೈದ್ಯರೂ ಇದನ್ನು ನೋಡುತ್ತಾರೆ. ಆದರೆ ಜಗತ್ತಿನ ಹಲವು ಜನಪದಗಳಲ್ಲಿ ಈ ಲಕ್ಷಣವೇ ರೋಗದ ಕಾರಣವೆಂಬ ಗ್ರಹಿಕೆ ಬೆಳೆದು, ಚಿಕಿತ್ಸೆಯು ನೆತ್ತಿಗೆ ಎಣ್ಣೆ ಅಥವಾ ಲೇಪ ಹಚ್ಚುವುದಕ್ಕೆ ಹೊರಳಿತು. ವೀಕ್ಷಣೆ ಸೂಕ್ಷ್ಮವಾಗಿತ್ತು, ಅದರಿಂದ ತೆಗೆದ ತೀರ್ಮಾನ ದಾರಿ ತಪ್ಪಿತ್ತು. ಇದೇ ಬಗೆಯ ತಪ್ಪು ಆಸ್ಪತ್ರೆಗಳಲ್ಲೂ ದೀರ್ಘಕಾಲ ನಡೆಯಿತೆಂಬುದನ್ನು ಮುಂದೆ ನೋಡಬಹುದು.

ಆಸ್ಪತ್ರೆಯ ನೆಲೆ

1817ರಲ್ಲಿ ಬಂಗಾಳದ ಜೆಸ್ಸೋರ್ ಭಾಗದಲ್ಲಿ ಕಾಣಿಸಿಕೊಂಡ ಕಾಲರಾ ಮುಂದೆ ಇಡೀ ಉಪಖಂಡಕ್ಕೂ, ಅದರಾಚೆಗೂ ಹರಡಿತು. ದಕ್ಷಿಣದ ಹಳ್ಳಿಗಳಲ್ಲಿ ಅದು ಮಾರಿಯ ಮುನಿಸೆಂದು ತಿಳಿಯಲ್ಪಟ್ಟಿತು; ಊರ ಗಡಿಯಾಚೆಗೆ ಮಾರಿಯನ್ನು ಸಾಗಿಸುವ ಆಚರಣೆಗಳಿಗೂ ಇಂಥ ಉಪದ್ರವಗಳಿಗೂ ಇರುವ ನಂಟನ್ನು ಜಾನಪದ ವಿದ್ವಾಂಸರು ಚರ್ಚಿಸಿದ್ದಾರೆ. ಆ ಕಾಲದ ಯುರೋಪಿಯನ್ ವೈದ್ಯರ ಉಪಚಾರವಾದರೂ ಇದಕ್ಕಿಂತ ಹೆಚ್ಚು ಫಲಕಾರಿಯಾಗಿರಲಿಲ್ಲ. ರಕ್ತ ತೆಗೆಯುವುದು, ಕ್ಯಾಲೊಮೆಲ್ ಎಂಬ ಪಾದರಸದ ಲವಣ ಕೊಡುವುದು, ಅಫೀಮು ಕೊಡುವುದು ಅವರ ಮುಖ್ಯ ಕ್ರಮಗಳು. ಮೊದಲೇ ದ್ರವ ಬತ್ತಿದ ದೇಹದಿಂದ ಮತ್ತಷ್ಟು ರಕ್ತವನ್ನು ಹೊರತೆಗೆದದ್ದರಿಂದ ಸತ್ತವರು ಎಷ್ಟೋ ಮಂದಿ.

ಸರಿಯಾದ ದಾರಿ ಬಲುಬೇಗ ಗೋಚರಿಸಿತ್ತು ಎಂಬುದು ಈ ಚರಿತ್ರೆಯ ವಿಪರ್ಯಾಸ. 1831ರಲ್ಲಿ ವಿಲಿಯಂ ಓಶಾನೆಸಿ ಎಂಬ ತರುಣ ವೈದ್ಯನು ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣಗಳು ಕಡಿಮೆಯಾಗಿರುವುದನ್ನು ತೋರಿಸಿದನು. ಮರುವರ್ಷವೇ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಾಟ್ಟಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರನ್ನು ಹಾಯಿಸಿ ಕೆಲವರನ್ನು ಬದುಕಿಸಿದನು. ಆದರೆ ಸೋಂಕಿನ ಭಯ, ಮತ್ತೆ ಮತ್ತೆ ದ್ರವ ಕೊಡದೆ ನಿಲ್ಲಿಸಿದ್ದರಿಂದ ಬಂದ ವೈಫಲ್ಯ, ಹಿರಿಯರ ಅಪನಂಬಿಕೆ ಇವೆಲ್ಲ ಸೇರಿ ಈ ವಿಧಾನ ಮರೆವಿಗೆ ಸಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯಲ್ಲಿ ಲೆನಾರ್ಡ್ ರೋಜರ್ಸ್ ಇದನ್ನು ಸುಧಾರಿಸಿ ಬಳಸಿದಾಗ ಆಸ್ಪತ್ರೆಯ ಕಾಲರಾ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ರಕ್ತನಾಳದ ಮೂಲಕ ದ್ರವ ಕೊಡುವ ಚಿಕಿತ್ಸೆ ಗೆದ್ದ ಮೇಲೆ ಇನ್ನೊಂದು ಗ್ರಹಿಕೆ ಬಲವಾಯಿತು. ಭೇದಿಯಲ್ಲಿ ಕರುಳು ಕೆಟ್ಟಿರುತ್ತದೆ, ಅದಕ್ಕೆ ವಿಶ್ರಾಂತಿ ಬೇಕು, ಆದ್ದರಿಂದ ಬಾಯಿಯ ಮೂಲಕ ಏನನ್ನೂ ಕೊಡಬಾರದು ಎಂಬುದು ಆ ಗ್ರಹಿಕೆ. ಇಪ್ಪತ್ತನೆಯ ಶತಮಾನದ ಬಹುಕಾಲ ಮಕ್ಕಳ ವೈದ್ಯಶಾಸ್ತ್ರವು ಭೇದಿಯಾದ ಮಗುವಿಗೆ ಉಪವಾಸವನ್ನು ವಿಧಿಸಿತು. ನೀರು ನಿಲ್ಲಿಸುವ ಮನೆಯ ರೂಢಿಯೂ ಕರುಳಿಗೆ ವಿಶ್ರಾಂತಿ ಕೊಡುವ ಆಸ್ಪತ್ರೆಯ ನಿಯಮವೂ ಫಲಿತಾಂಶದಲ್ಲಿ ಒಂದೇ ಆಗಿದ್ದವು. ಒಂದನ್ನು ಮೂಢನಂಬಿಕೆಯೆಂದೂ ಇನ್ನೊಂದನ್ನು ವಿಜ್ಞಾನವೆಂದೂ ಕರೆಯಲಾಯಿತು.

ಬಂಗಾಳದ ಪ್ರಯೋಗಗಳು

ಈ ನಿಯಮವನ್ನು ಮೊದಲು ಮೀರಿದವರಲ್ಲಿ ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ ಪ್ರಮುಖರು. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು 186 ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಗುಣಪಡಿಸಿದ್ದನ್ನು ವರದಿ ಮಾಡಿದರು. ವಾಂತಿಯನ್ನು ತಡೆಯುವ ಔಷಧಿಯ ಜೊತೆಗೆ ಅವರು ಬಳಸಿದ ಇನ್ನೊಂದು ವಸ್ತು ಜಾನಪದ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಅರ್ಹವಾದುದು. ಅದು ಕೋಲಿಯಸ್ ಅರೋಮ್ಯಾಟಿಕಸ್ ಎಂಬ ಗಿಡದ ಎಲೆಯ ರಸ. ನಮ್ಮ ಹಿತ್ತಲಿನ ದೊಡ್ಡಪತ್ರೆಗೆ ಸಸ್ಯಶಾಸ್ತ್ರದಲ್ಲಿ ಇದ್ದ ಹೆಸರು ಇದೇ. ಹೋಲಿಕೆಗೆಂದು ಬೇರೊಂದು ಗುಂಪನ್ನು ಇರಿಸಿಕೊಳ್ಳದೆ ನಡೆಸಿದ ಪ್ರಯೋಗವಾದ್ದರಿಂದ ಪಶ್ಚಿಮದ ವೈದ್ಯಲೋಕ ಇದನ್ನು ಲಕ್ಷಿಸಲಿಲ್ಲ. ಎಲೆಯ ರಸದ ಪಾತ್ರವೇನಿತ್ತು ಎಂಬುದಕ್ಕಿಂತ, ಬಾಯಿಯ ಮೂಲಕ ಕೊಟ್ಟ ಉಪ್ಪು-ಸಿಹಿ ನೀರನ್ನು ರೋಗಿಯ ಕರುಳು ಸ್ವೀಕರಿಸಿತು ಎಂಬುದು ಮುಖ್ಯವಾದ ಅಂಶವಾಗಿತ್ತು.

ಇದರ ಕಾರಣ ಕ್ರಮೇಣ ಸ್ಪಷ್ಟವಾಯಿತು. 1959ರಲ್ಲಿ ಕಲ್ಕತ್ತೆಯ ಶಂಭುನಾಥ ದೇ ಅವರು, ಕಾಲರಾ ಜೀವಾಣುವು ಒಂದು ವಿಷವನ್ನು ಸ್ರವಿಸುತ್ತದೆ, ಕರುಳಿನೊಳಕ್ಕೆ ನೀರು ಸುರಿಯುವುದು ಅದರಿಂದಲೇ ಎಂದು ಸಾಧಿಸಿದರು. ಮರುವರ್ಷ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿಯು, ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಸಾಗುತ್ತವೆ ಎಂಬ ಸಿದ್ಧಾಂತವನ್ನು ಮಂಡಿಸಿದನು. ಅವುಗಳ ಹಿಂದೆಯೇ ನೀರು ಒಳಸಾಗುತ್ತದೆ. ಕಾಲರಾದ ವಿಷವು ಈ ಬಾಗಿಲನ್ನು ಮುಚ್ಚುವುದಿಲ್ಲ. ಗಂಜಿಗೆ ಉಪ್ಪು ಹಾಕಿದರೆ ಅದು ಏಕೆ ಫಲಿಸುತ್ತದೆ, ಉಪ್ಪಿಲ್ಲದಿದ್ದರೆ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಮೆಲ್ಲಮೆಲ್ಲನೆ ಒಡೆದು ಗ್ಲೂಕೋಸ್ ಆಗುತ್ತದೆ. ಉಪ್ಪಿನ ಸೋಡಿಯಂ ಅದರ ಜೊತೆಗಾರ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. 1962ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ ಮನಿಲಾದಲ್ಲಿ ನಡೆಸಿದ ಪ್ರಯೋಗದಲ್ಲಿ ದ್ರಾವಣದ ಸಾಂದ್ರತೆ ಅತಿಯಾಗಿ ಕೆಲವು ರೋಗಿಗಳು ಮರಣ ಹೊಂದಿದರು. ಸಾಮಗ್ರಿ ಸರಿಯಿದ್ದರೂ ಪ್ರಮಾಣ ತಪ್ಪಿತ್ತು. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ರೋಗಿ ಕಳೆದುಕೊಂಡ ದ್ರವವನ್ನು ಅಳೆದು, ಅಷ್ಟೇ ಪ್ರಮಾಣದ ದ್ರಾವಣವನ್ನು ಕುಡಿಸುವ ಕ್ರಮವನ್ನು ಅನುಸರಿಸಿದರು. ರಕ್ತನಾಳದ ಮೂಲಕ ಕೊಡಬೇಕಾದ ದ್ರವದ ಅವಶ್ಯಕತೆ ಶೇ. 80ರಷ್ಟು ಕಡಿಮೆಯಾಯಿತು.

ಬನಗಾಂವ್, 1971

ಆದರೂ ಇದೆಲ್ಲ ಆಸ್ಪತ್ರೆಯ ಗೋಡೆಗಳ ಒಳಗಿನ ವಿಷಯವಾಗಿತ್ತು. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಸಮರದ ಕಾಲಕ್ಕೆ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿ, ರೋಗ ತಗುಲಿದವರಲ್ಲಿ ಶೇ. 30ರಷ್ಟು ಜನ ಸಾಯುತ್ತಿದ್ದ ಪರಿಸ್ಥಿತಿ ಉಂಟಾಯಿತು. ಗಡಿಯ ಬನಗಾಂವ್ ಪಟ್ಟಣದ ಚಿಕ್ಕ ಆಸ್ಪತ್ರೆಯಲ್ಲಿ ಕಾರ್ಯಪ್ರವೃತ್ತರಾದ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ರಕ್ತನಾಳಕ್ಕೆ ಹಾಯಿಸುವ ದ್ರವವೂ, ಅದನ್ನು ನೀಡಬಲ್ಲ ಸಿಬ್ಬಂದಿಯೂ ಸಾಲದಾಗಿದ್ದರು.

ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಸರಳ ಸೂತ್ರವನ್ನು ಆಯ್ದುಕೊಂಡರು. ಕಲ್ಕತ್ತೆಯಲ್ಲಿ ಪೊಟ್ಟಣ ಕಟ್ಟಿಸಿ, ಶಿಬಿರದಲ್ಲಿ ಡ್ರಮ್ಮುಗಳಲ್ಲಿ ಕದಡಿ, ರೋಗಿಗಳ ಬಂಧುಗಳ ಕೈಗೇ ಬಟ್ಟಲನ್ನು ಕೊಟ್ಟರು. ತಾಯಂದಿರು, ಅಣ್ಣತಮ್ಮಂದಿರು, ನೆರೆಯವರೇ ಅಲ್ಲಿ ಶುಶ್ರೂಷಕರಾದರು. ಆ ಕೇಂದ್ರದಲ್ಲಿ ಚಿಕಿತ್ಸೆ ಪಡೆದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಮರಣ ಪ್ರಮಾಣ ಶೇ. 3.6ಕ್ಕೆ ಇಳಿಯಿತು.

ಈ ಪ್ರಸಂಗದ ಒಂದು ವಿವರ ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದುದು. ಸಲೈನ್ ಎಂದರೆ ಸೂಜಿಯ ಮೂಲಕ ಏರಿಸುವ ಜೀವದಾಯಿ ದ್ರವ ಎಂಬ ತಿಳಿವಳಿಕೆ ಜನರಲ್ಲಿ ಆಗಲೇ ಬೇರೂರಿತ್ತು. ಕುಡಿಯುವ ನೀರನ್ನು ಕೊಟ್ಟು ತಮ್ಮನ್ನು ವಂಚಿಸಲಾಗುತ್ತಿದೆ ಎಂಬ ಶಂಕೆ ಅವರಿಗಿತ್ತು. ಆದ್ದರಿಂದ ಆ ದ್ರಾವಣವನ್ನು 'ಓರಲ್ ಸಲೈನ್' ಎಂದೇ ಕರೆಯಲಾಯಿತು. ಹೆಸರು ಬದಲಾದಾಗ ನೀರು ಔಷಧಿಯಾಯಿತು. ಗುಣಮುಖರಾದವರನ್ನು ಕಣ್ಣಾರೆ ಕಂಡ ಮೇಲೆ ಶಂಕೆ ಉಳಿಯಲಿಲ್ಲ. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಈ ಚಿಕಿತ್ಸೆಯ ಹಿಂದಿನ ಶೋಧವನ್ನು ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದ್ದೆಂದು ಗುರುತಿಸಿತು. 2022ರಲ್ಲಿ ನಿಧನರಾದ ಮಹಲನಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಚಿಟಿಕೆ ಮತ್ತು ಹಿಡಿ

ಅಳತೆಯನ್ನು ಅಡುಗೆಮನೆಗೆ ಮರಳಿಸುವ ಕೆಲಸ ನಡೆದದ್ದು ಬಾಂಗ್ಲಾದೇಶದಲ್ಲಿ. 1980ರಿಂದ 1990ರ ವರೆಗೆ ಬ್ರಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಉಪ್ಪು-ಬೆಲ್ಲದ ನೀರನ್ನು ತಯಾರಿಸುವುದನ್ನು ಕಲಿಸಿದರು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬುದು ಅವರ ಸೂತ್ರ. ಚಿಟಿಕೆ, ಹಿಡಿ, ಬೊಗಸೆ, ಪಾವು, ಸೇರುಗಳಲ್ಲಿ ಬದುಕನ್ನು ಅಳೆಯುವ ಜನರಿಗೆ ಗ್ರಾಮಿನ ಲೆಕ್ಕ ಹೇಳಿ ಪ್ರಯೋಜನವಿಲ್ಲ ಎಂಬುದನ್ನು ಅವರು ಅರಿತಿದ್ದರು. ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬುದನ್ನು ಕೆಲವು ವಾರಗಳ ನಂತರ ಬೇರೊಬ್ಬರು ಪರೀಕ್ಷಿಸಿ, ಅದರ ಆಧಾರದ ಮೇಲೆ ಕಾರ್ಯಕರ್ತೆಯರಿಗೆ ಸಂಭಾವನೆ ನೀಡಲಾಗುತ್ತಿತ್ತು. ಮೌಖಿಕ ಪರಂಪರೆಯ ಪ್ರಸರಣ ವಿಧಾನವನ್ನೇ ಇಲ್ಲಿ ಆರೋಗ್ಯ ಶಿಕ್ಷಣಕ್ಕೆ ಬಳಸಲಾಯಿತು.

ಆದರೂ ಮೊದಲ ಹಂತದಲ್ಲಿ ಒಂದು ಆಶ್ಚರ್ಯ ಕಾದಿತ್ತು. ತಾಯಂದಿರು ಸೂತ್ರವನ್ನು ಸರಿಯಾಗಿ ಒಪ್ಪಿಸುತ್ತಿದ್ದರು, ಆದರೆ ಮಗುವಿಗೆ ಭೇದಿಯಾದಾಗ ಬಹಳ ಕಡಿಮೆ ಜನ ಅದನ್ನು ಬಳಸುತ್ತಿದ್ದರು. ವಿಚಾರಿಸಿ ನೋಡಿದಾಗ ಮೂರು ಸಂಗತಿಗಳು ತಿಳಿದುಬಂದವು. ಕಲಿಸುವ ಕಾರ್ಯಕರ್ತೆಯರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ಹೆಂಗಸರಿಗೆ ಮಾತ್ರ ಹೇಳಿದ್ದರಿಂದ ಮನೆಯ ಗಂಡಸರು ಅದನ್ನು ಒಪ್ಪಿರಲಿಲ್ಲ. ಮೂರನೆಯದು ಭಾಷೆಗೆ ಸಂಬಂಧಿಸಿದ್ದು. ಬಾಂಗ್ಲಾ ಹಳ್ಳಿಗಳಲ್ಲಿ ಭೇದಿಗೆ ಒಂದೇ ಹೆಸರಿರಲಿಲ್ಲ. ತಾಯಿಹಾಲಿನ ದೋಷದಿಂದ ಬರುವುದೆಂದು ತಿಳಿದ 'ದುದ್ ಹಾಗಾ', ಅಜೀರ್ಣದ 'ಅಜೀರ್ನೋ', ಆಮಶಂಕೆಯ 'ಆಮಾಶಾ', ತೀವ್ರವಾದ 'ಡಾಯರಿಯಾ' ಎಂಬ ನಾಲ್ಕು ಬಗೆಗಳಿದ್ದವು. ಕಾರ್ಯಕರ್ತೆಯರು 'ಡಾಯರಿಯಾ'ಕ್ಕೆ ಈ ನೀರನ್ನು ಕೊಡಿ ಎಂದಿದ್ದರು. ತಾಯಂದಿರು ಆ ನಾಲ್ಕನೆಯದಕ್ಕೆ ಮಾತ್ರ ಕೊಟ್ಟರು. ಅವರು ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಈ ಮೂರನ್ನೂ ತಿದ್ದಿಕೊಂಡ ಮೇಲೆ ಬಳಕೆ ಹೆಚ್ಚಿತು.

ಕನ್ನಡದಲ್ಲೂ ಇಂಥ ವರ್ಗೀಕರಣವಿದೆ. ಅಜೀರ್ಣ, ಭೇದಿ, ಆಮಶಂಕೆ, ರಕ್ತಭೇದಿ, ವಾಂತಿಭೇದಿ, ಹಲ್ಲು ಬರುವಾಗಿನ ಭೇದಿ, ದೃಷ್ಟಿ ತಾಗಿದ್ದು ಎಂಬ ಭೇದಗಳು ಬಳಕೆಯಲ್ಲಿವೆ. ಒಂದೊಂದು ಹೆಸರಿಗೂ ಒಂದೊಂದು ಕಾರಣ, ಒಂದೊಂದು ಮದ್ದು ಅಂಟಿಕೊಂಡಿರುತ್ತವೆ. ಹಲ್ಲು ಬರುವಾಗ ಭೇದಿಯಾಗುವುದು ಸಹಜವೆಂದು ತಿಳಿದ ತಾಯಿ ವೈದ್ಯರ ಬಳಿಗೆ ತಡವಾಗಿ ಬರುತ್ತಾಳೆ. ಹೀಗಾಗಿ ಕಾಯಿಲೆಗಳ ಜನಪದ ಹೆಸರುಗಳನ್ನು ಸಂಗ್ರಹಿಸುವುದು ಕೋಶರಚನೆಯ ಕೆಲಸದಷ್ಟೇ ಚಿಕಿತ್ಸೆಯ ಕೆಲಸವೂ ಆಗಿದೆ.

ಇಂದಿನ ಚಿಕಿತ್ಸೆ ಮತ್ತು ವೈದ್ಯರ ಊಹೆ

ಇಂದು ಭೇದಿಯಾದ ಮಗುವನ್ನು ಪರೀಕ್ಷಿಸುವ ವೈದ್ಯರು ಮಗುವಿನ ಲವಲವಿಕೆ, ಕಣ್ಣು ಗುಳಿಬಿದ್ದಿರುವುದು, ಬಾಯಾರಿಕೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಮರಳುವ ವೇಗ, ಈ ನಾಲ್ಕನ್ನು ಮುಖ್ಯವಾಗಿ ನೋಡುತ್ತಾರೆ. ಲಕ್ಷಣಗಳಿಲ್ಲದಿದ್ದರೆ ಮನೆಯಲ್ಲೇ ದ್ರವಾಹಾರ. ಸ್ವಲ್ಪ ಇದ್ದರೆ ದೇಹತೂಕದ ಕಿಲೋಗೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಗಳಲ್ಲಿ ಓ.ಆರ್.ಎಸ್.; ತೀವ್ರವಾಗಿದ್ದರೆ ಮಾತ್ರ ರಕ್ತನಾಳದ ಮೂಲಕ ದ್ರವ. ಎದೆಹಾಲು ಮತ್ತು ಆಹಾರವನ್ನು ನಿಲ್ಲಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ದ್ರಾವಣದ ಸಾಂದ್ರತೆಯನ್ನು ತಗ್ಗಿಸಿ ಹೊಸ ಸೂತ್ರವನ್ನು ಶಿಫಾರಸು ಮಾಡಿತು. 2004ರಲ್ಲಿ ಸತುವಿನ ಗುಳಿಗೆಗಳನ್ನು 10ರಿಂದ 14 ದಿನ ಕೊಡುವುದು ಸೇರಿತು. ಸಾಧಾರಣ ನೀರುಭೇದಿಗೆ ಪ್ರತಿಜೀವಕ ಔಷಧಿಗಳ ಅಗತ್ಯವಿಲ್ಲ. ರಕ್ತಭೇದಿ, ತೀವ್ರ ಕಾಲರಾದಂಥ ಸಂದರ್ಭಗಳು ಬೇರೆ.

1980ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 46 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಿದ್ದರೆಂಬ ಅಂದಾಜಿತ್ತು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಅಂಕಿಯಂತೆ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಸಾವು ವರ್ಷಕ್ಕೆ ಸುಮಾರು 4.4 ಲಕ್ಷ. ಶುದ್ಧ ನೀರು, ನೈರ್ಮಲ್ಯ, ಲಸಿಕೆ, ಪೋಷಣೆಗಳ ಜೊತೆಗೆ ಈ ದ್ರಾವಣದ ಪಾಲು ಇದರಲ್ಲಿ ದೊಡ್ಡದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಭೇದಿಯಾದ ಮಕ್ಕಳ ಪೈಕಿ ಓ.ಆರ್.ಎಸ್. ಪಡೆದವರು ಶೇ. 60.6 ಮಾತ್ರ.

ಏಕೆ ಹೀಗೆ ಎಂಬ ಪ್ರಶ್ನೆಯನ್ನು 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಕೈಗೆತ್ತಿಕೊಂಡಿದೆ. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿಕಿತ್ಸಕರ ಬಳಿಗೆ, ಎರಡು ವರ್ಷದ ಮಗುವಿನ ಭೇದಿಗೆ ಔಷಧಿ ಕೇಳುವ ಪೋಷಕರ ಪಾತ್ರದಲ್ಲಿ ತರಬೇತಾದವರನ್ನು ಕಳುಹಿಸಲಾಯಿತು. ಓ.ಆರ್.ಎಸ್. ಬರೆದುಕೊಡದಿರುವುದಕ್ಕೆ ಅಂಗಡಿಯಲ್ಲಿ ದಾಸ್ತಾನಿಲ್ಲದಿರುವುದು ಶೇ. 6ರಷ್ಟು, ಹಣದ ಲಾಭ ಶೇ. 5ರಷ್ಟು ಮಾತ್ರ ಕಾರಣವಾಗಿದ್ದವು. ರೋಗಿಗಳಿಗೆ ಓ.ಆರ್.ಎಸ್. ಬೇಕಿಲ್ಲ ಎಂಬ ಚಿಕಿತ್ಸಕರ ಭಾವನೆಯೇ ಶೇ. 42ರಷ್ಟು ಕಾರಣವಾಗಿತ್ತು. ಪೋಷಕರು ಅದು ಬೇಕೆಂದು ಬಾಯಿಬಿಟ್ಟು ಹೇಳಿದಾಗ ಅದನ್ನು ಬರೆದುಕೊಡುವ ಪ್ರಮಾಣ 27 ಶೇಕಡಾಂಶಗಳಷ್ಟು ಏರಿತು.

ಈ ಫಲಿತಾಂಶ ಜಾನಪದ ಅಧ್ಯಯನಕಾರರನ್ನು ನೇರವಾಗಿ ತಟ್ಟಬೇಕು. ಜನರ ನಂಬಿಕೆಗಳು ಚಿಕಿತ್ಸೆಗೆ ಅಡ್ಡಿ ಎಂಬ ಮಾತನ್ನು ಆರೋಗ್ಯ ಇಲಾಖೆಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಇಲ್ಲಿ ಅಡ್ಡಿಯಾಗಿರುವುದು ಜನರ ನಂಬಿಕೆಗಳ ಬಗ್ಗೆ ಚಿಕಿತ್ಸಕರು ಇಟ್ಟುಕೊಂಡಿರುವ ನಂಬಿಕೆ. ಹಳ್ಳಿಯವರಿಗೆ ಸೂಜಿ ಬೇಕು, ಬಾಟಲಿ ಏರಿಸಬೇಕು, ಇಲ್ಲದಿದ್ದರೆ ಅವರು ಬೇರೆ ವೈದ್ಯರ ಬಳಿಗೆ ಹೋಗುತ್ತಾರೆ ಎಂಬ ಗ್ರಹಿಕೆಗೆ ಹಿಂದೆ ಆಧಾರವಿದ್ದಿರಬಹುದು. ಬನಗಾಂವ್‌ನ ಶಂಕೆಯೂ ಅದನ್ನೇ ಹೇಳುತ್ತದೆ. ಆದರೆ ಅಲ್ಲಿಯ ವೈದ್ಯರು ಆ ಶಂಕೆಯನ್ನು ಮಾತಿನಿಂದ ಎದುರಿಸಿದರು. ಇಂದಿನ ಪಟ್ಟಣಗಳಲ್ಲಿ ಶಂಕೆಯನ್ನು ಕೇಳದೆಯೇ ಊಹಿಸಿಕೊಳ್ಳಲಾಗುತ್ತಿದೆ. ಪೋಷಕರೂ ದೊಡ್ಡವರ ಮುಂದೆ ತಮಗೆ ತಿಳಿದದ್ದನ್ನು ಹೇಳಲು ಹಿಂಜರಿಯುತ್ತಾರೆ.

ಸಮಾರೋಪ

ಈವರೆಗಿನ ಚರ್ಚೆಯಿಂದ ಮೂರು ಅಂಶಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಗಂಜಿ ಮತ್ತು ಉಪ್ಪಿನ ಜ್ಞಾನ ಜನಪದದಲ್ಲಿ ಇತ್ತು ಎನ್ನುವಾಗ ಅದರ ಜೊತೆಗಿದ್ದ ನೀರು ನಿಲ್ಲಿಸುವ, ಉಪ್ಪು ಬಿಡಿಸುವ ರೂಢಿಗಳನ್ನೂ ದಾಖಲಿಸಬೇಕು. ಫಲಿಸುವುದನ್ನೂ ಫಲಿಸದ್ದನ್ನೂ ಬೇರ್ಪಡಿಸಿ ತೋರಿಸಿದ್ದು ಅಳತೆ. ಎರಡನೆಯದಾಗಿ, ಶಾಸ್ತ್ರದ ಹೆಸರಿನಲ್ಲಿ ನಡೆದ ರಕ್ತಮೋಕ್ಷಣ ಮತ್ತು ಉಪವಾಸಗಳೂ ತಮ್ಮ ಕಾಲದ ನಂಬಿಕೆಗಳೇ ಆಗಿದ್ದವು. ಅವುಗಳನ್ನು ಬಿಡಲು ವೈದ್ಯಲೋಕಕ್ಕೆ ಬಹುದೀರ್ಘ ಕಾಲ ಹಿಡಿಯಿತು. ಮೂರನೆಯದಾಗಿ, ಅಳತೆಯು ಜನರ ಹೆಸರುಗಳಲ್ಲಿ, ಜನರ ಚಿಟಿಕೆ ಹಿಡಿಗಳಲ್ಲಿ ನುಡಿದಾಗಲೇ ಮನೆಯನ್ನು ಮುಟ್ಟಿತು.

ಕರ್ನಾಟಕದಲ್ಲಿ ನಾಟಿ ವೈದ್ಯದ ಬಗ್ಗೆ ನಡೆದ ಸಂಗ್ರಹ ಕಾರ್ಯದ ಬಹುಭಾಗ ಗಿಡಮೂಲಿಕೆಗಳ ಪಟ್ಟಿಗಳಿಗೆ ಸೀಮಿತವಾಗಿದೆ. ಯಾವ ಸೊಪ್ಪು, ಯಾವ ಬೇರು ಎಂಬುದರ ಜೊತೆಗೆ, ಮನೆಯವರು ಕಾಯಿಲೆಗೆ ಯಾವ ಹೆಸರಿಟ್ಟರು, ಯಾವಾಗ ವೈದ್ಯರ ಬಳಿಗೆ ಹೋಗಲು ತೀರ್ಮಾನಿಸಿದರು, ಅಲ್ಲಿ ಏನು ಹೇಳಿದರು, ಏನನ್ನು ಹೇಳದೆ ಬಂದರು ಎಂಬುದೂ ದಾಖಲಾಗಬೇಕು. ತಾಲ್ಲೂಕು ಮಟ್ಟದಲ್ಲಿ ಭೇದಿಯ ಜನಪದ ಹೆಸರುಗಳ ಒಂದು ಕೋಶ ಸಿದ್ಧವಾದರೆ, ಹೊಸದಾಗಿ ಹಳ್ಳಿಗೆ ಬರುವ ವೈದ್ಯನಿಗೂ, ಆಶಾ ಕಾರ್ಯಕರ್ತೆಗೂ ಅದು ಕೈಗೆಟಕುವ ಉಪಕರಣವಾದೀತು. ಮಗುವಿಗೆ ಹಲ್ಲಿನ ಭೇದಿ ಎಂದು ತಾಯಿ ಹೇಳಿದಾಗ ಆ ಮಾತನ್ನು ತಳ್ಳಿಹಾಕದೆ, ಆ ಭೇದಿಗೂ ಇದೇ ನೀರು ಎಂದು ಹೇಳಬಲ್ಲ ವೈದ್ಯರು ತಯಾರಾಗುವುದಕ್ಕೆ ಜಾನಪದ ಅಧ್ಯಯನವು ಸಲ್ಲಿಸಬಹುದಾದ ಸೇವೆ ಇದು.